ಮುಖದಲ್ಲಿ ಏನೂ ಇರಬಾರದು

ಜನವರಿ 12

ಪ್ರೀತಿಯ ಕಡ್ಡಿಗೆ,

ನಿಯಮದ ಪ್ರಕಾರ ಈ ಕಾಗದವನ್ನು ನಿನ್ನೆಯೇ ಬರೆದು, ಒಂದು ರಾತ್ರಿ ದಿಂಬಿನ ಕೆಳಗಿಟ್ಟು, ಬೆಳಿಗ್ಗೆ ಮತ್ತೊಮ್ಮೆ ಓದಿ ಅಂಚೆಗೆ ಹಾಕುತ್ತಿದ್ದೇನೆ. ಫೋನಿಲ್ಲ, ಮೆಸೇಜಿಲ್ಲ, ಬರೆದದ್ದು ಒಂದು ರಾತ್ರಿ ತಣಿಯಬೇಕು ಎಂದು ನಿನ್ನ ಕೌನ್ಸೆಲರ್ ಮೇಡಂ ಹೇಳಿದ್ದು ನಿನಗೊಬ್ಬಳಿಗೇ ಅಲ್ಲವಲ್ಲ. ಅಕ್ಕ ಮನೋವೈದ್ಯೆ ಎಂದು ಅವರೇನೂ ನನಗೆ ರಿಯಾಯಿತಿ ಕೊಟ್ಟಿಲ್ಲ.

ಒಂದು ಕೆಲಸದ ವಿಷಯ. ಸಾಕಷ್ಟು ಅಲೆದಾಡಿಸಿದ ಮೇಲೆ ಆಸ್ಪತ್ರೆಯವರು ನನ್ನ ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟರು. ಭಾವಗಳು ಹತೋಟಿಗೆ ಸಿಗದ ಬಾರ್ಡರ್‌ಲೈನ್ ಪರ್ಸನಾಲಿಟಿ ಕಾಯಿಲೆಯವರನ್ನು ಸ್ಕ್ಯಾನರ್ ಒಳಗೆ ಮಲಗಿಸಿ, ಕಣ್ಣ ಮುಂದೆ ಒಂದೊಂದೇ ಮುಖ ತೋರಿಸುತ್ತೇವೆ. ಸಿಟ್ಟಿನ ಮುಖವಲ್ಲ, ನಗುವ ಮುಖವಲ್ಲ, ಯಾವ ಭಾವವೂ ಇಲ್ಲದ ಮುಖ. ಬೇರೆಯವರಿಗೆ ಅದು ಬರೀ ಮುಖ. ಈ ಕಾಯಿಲೆಯ ಎಷ್ಟೋ ಜನರಿಗೆ ಅದರಲ್ಲೇ ಕೋಪ ಕಾಣುತ್ತದೆ, ತಾತ್ಸಾರ ಕಾಣುತ್ತದೆ. ಆಗ ಮೆದುಳಿನ ಆಳದಲ್ಲಿ ಬಾದಾಮಿ ಬೀಜದಷ್ಟಿರುವ ಅಮಿಗ್ಡಲಾ ಎಂಬ ಭಾಗ ಅಪಾಯ ಬಂತೆಂದು ಬೊಬ್ಬೆ ಹಾಕುತ್ತದೆ. ಹಣೆಯ ಹಿಂದಿರುವ ಭಾಗ ಅದನ್ನು ಗದರಿಸಿ ಸುಮ್ಮನಿರಿಸಬೇಕು. ಇರಿಸುವುದಿಲ್ಲ. ಯಾಕೆ ಇರಿಸುವುದಿಲ್ಲ ಎನ್ನುವ ಪ್ರಶ್ನೆ ಹಿಡಿದುಕೊಂಡು ನಾನು ಹದಿನೈದು ವರ್ಷದಿಂದ ಕೂತಿದ್ದೇನೆ. ಯಾರ ದೆಸೆಯಿಂದ ಎಂದು ನಿನಗೆ ಹೇಳಬೇಕಾಗಿಲ್ಲ.

ನೀನು ನನ್ನ ತಂಗಿಯಾದ್ದರಿಂದ ನಿನ್ನನ್ನು ಸ್ಕ್ಯಾನರ್ ಒಳಗೆ ಮಲಗಿಸುವಂತಿಲ್ಲ. ಆದರೆ ಮುಖಗಳ ಫೋಟೊ ಬೇಕು. ತಯಾರಾಗಿ ಸಿಗುವ ಫೋಟೊಗಳಲ್ಲಿ ಮುಕ್ಕಾಲು ಪಾಲು ನಟರವು. ಅವರು ಏನೂ ಇಲ್ಲದ ಮುಖವನ್ನೂ ಅಭಿನಯಿಸಿ ಕೊಡುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಪಾಸ್‌ಪೋರ್ಟ್ ಫೋಟೊ ತೆಗೆಯುವ ನಿನಗಿಂತ ಈ ಕೆಲಸ ಬಲ್ಲವರು ನನಗೆ ಗೊತ್ತಿಲ್ಲ. ಗುಮಾಸ್ತರು, ನರ್ಸುಗಳು, ಲ್ಯಾಬಿನವರು ಎಲ್ಲ ಸೇರಿ ನಲವತ್ತು ಮಂದಿ ಒಪ್ಪಿದ್ದಾರೆ. ಬರುತ್ತೀಯಾ?

ಬಟಾಣಿ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದು ಮಾತೆಲ್ಲ ಗಾಳಿಯಾಗಿದೆ.

ನಿನ್ನ
ಅಕ್ಕ


ಜನವರಿ 20

ಅಕ್ಕಾ,

ಬರುತ್ತೀಯಾ ಅಂತ ಕೇಳುತ್ತೀಯಲ್ಲ! ಕಾಗದ ಓದಿ ಸ್ಟುಡಿಯೊ ಒಳಗೇ ಕುಣಿದುಬಿಟ್ಟೆ. ವೀಸಾ ಫೋಟೊಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ ಯಜಮಾನರೊಬ್ಬರು ನಕ್ಕುಬಿಟ್ಟರು. ಅವರ ಫೋಟೊ ಹಾಳು. ಮಾಲೀಕರು ಒಳಗಿನಿಂದ, "ಏನಮ್ಮಾ, ಲಾಟರಿ ಹೊಡೀತಾ?" ಅಂದರು.

"ನಮ್ಮಕ್ಕ ಕೆಲಸಕ್ಕೆ ಕರೆದಿದ್ದಾಳೆ ಸಾರ್."

"ಯಾವ ಅಕ್ಕ, ಆ ಡಾಕ್ಟ್ರಾ? ಇನ್ನು ಅವಳ ಮುಖಾನೇ ನೋಡಲ್ಲ ಅಂತ ಹೋದ ವಾರ ತಾನೇ ಹೇಳ್ದೆ?"

ಅವರಿಗೇನು ಗೊತ್ತು. ಹೋದ ವಾರದ ಮಾತು ಹೋದ ವಾರಕ್ಕೆ.

ಒಂದು ಹೇಳುತ್ತೇನೆ ಕೇಳು. ಏನೂ ಇಲ್ಲದ ಮುಖ ಸುಲಭಕ್ಕೆ ಬರುವುದಿಲ್ಲ. ನಗಬೇಡಿ ಅಂದರೆ ಜನ ಹರಳೆಣ್ಣೆ ಕುಡಿದವರ ಹಾಗೆ ಮಾಡುತ್ತಾರೆ. ಸಹಜವಾಗಿರಿ ಅಂದರೆ ಇನ್ನೂ ಕೆಟ್ಟದು. ಅದಕ್ಕೇ ನಾನೊಂದು ಉಪಾಯ ಮಾಡಿಕೊಂಡಿದ್ದೇನೆ. ಲೆನ್ಸಿನ ಮೇಲ್ಗಡೆ ಒಂದು ಕೆಂಪು ಚುಕ್ಕೆ ಅಂಟಿಸಿದ್ದೇನೆ. "ನನ್ನನ್ನ ನೋಡ್ಬೇಡಿ, ಆ ಚುಕ್ಕೆ ನೋಡಿ. ಈಗ ನಿಮ್ಮ ಮನೆ ನಂಬರ್ ಹೇಳಿ" ಅನ್ನುತ್ತೇನೆ. ನಂಬರ್ ಹೇಳಿ ಬಾಯಿ ಮುಚ್ಚುತ್ತಾರಲ್ಲ, ಅದಾದ ಮೇಲೆ ಒಂದು ಗಳಿಗೆ ಮುಖದಲ್ಲಿ ಯಾರೂ ಇರುವುದಿಲ್ಲ. ಆಗ ಒತ್ತಬೇಕು. ತಡಮಾಡಿದರೆ ಮನುಷ್ಯ ವಾಪಸ್ ಬಂದುಬಿಡುತ್ತಾನೆ.

ನಿನ್ನ ಬಾದಾಮಿ ಬೀಜದ ಕಥೆ ಓದಿದೆ. ನನ್ನದು ಕೆಟ್ಟಿದೆ, ಒಪ್ಪಿದೆ. ಆದರೂ ಒಂದು ಮಾತು. ದಿನಾ ಬೆಳಗಾದರೆ ಮುಖ ನೋಡಿಯೇ ಅನ್ನ ತಿನ್ನುವವಳು ನಾನು. ಗಿರಾಕಿ ಬಾಗಿಲಲ್ಲಿ ನಿಂತಾಗಲೇ ಇವರು ಫೋಟೊ ಚೆನ್ನಾಗಿಲ್ಲ ಅಂತ ಜಗಳ ತೆಗೆಯುತ್ತಾರೋ ಇಲ್ಲವೋ ಹೇಳಿಬಿಡುತ್ತೇನೆ. ನನ್ನ ಲೆಕ್ಕ ತಪ್ಪುವುದಿಲ್ಲ. ಹಾಗಿರುವಾಗ ನಿನ್ನ ಮುಖ ಒಂದರಲ್ಲೇ ನನಗೆ ಇಲ್ಲದ ಸಿಟ್ಟು ಕಾಣುತ್ತದಾ?

ಇರಲಿ, ಕಡ್ಡಿಯನ್ನು ಗುಡ್ಡ ಮಾಡುವುದಿಲ್ಲ. ಹಾಗೆ ಮಾಡುತ್ತೇನೆಂದೇ ಅಪ್ಪ ಈ ಹೆಸರಿಟ್ಟದ್ದು.

ಅಕ್ಕಾ, ಬೇಸಿಗೆ ರಜೆಗೆ ಬಟಾಣಿಯನ್ನು ಈ ಚಿಕ್ಕಮ್ಮನ ಹತ್ತಿರ ಕಳಿಸುತ್ತೀಯಾ? ಒಂದು ವಾರ. ಬೇಡ, ಮೂರು ದಿನ. ಅವಳು ನನ್ನ ಮಡಿಲಲ್ಲಿ ಮಲಗಿ ಮೂರು ವರ್ಷವಾಯಿತು. ಸ್ಟುಡಿಯೊ ಪರದೆ ಮುಂದೆ ನಿಲ್ಲಿಸಿ ಬೊಚ್ಚುಬಾಯಿಯ ಫೋಟೊ ತೆಗೆಯುತ್ತೇನೆ. ಹಲ್ಲು ಬರುವುದರೊಳಗೆ ತೆಗೆಯಬೇಕು.

ಗುಡ್ಡವಾಗದೆ ಉಳಿದಿರುವ
ಕಡ್ಡಿ


ಫೆಬ್ರವರಿ 10

ಪ್ರೀತಿಯ ಕಡ್ಡಿಗೆ,

ಫೋಟೊಗಳು ಬಂದವು. ಏನು ಕೆಲಸ ಮಾಡಿದ್ದೀಯೇ! ನಮ್ಮ ಸ್ಕ್ಯಾನರ್ ನಡೆಸುವ ಭೌತಶಾಸ್ತ್ರದ ಹುಡುಗಿ ಒಂದೊಂದನ್ನೇ ಪರದೆಯ ಮೇಲೆ ಹಿಗ್ಗಿಸಿ ನೋಡಿ, "ಮೇಡಂ, ನಿಮ್ ತಂಗಿ ಇವರನ್ನೆಲ್ಲ ಏನು ಮಾಡಿದ್ರು?" ಎಂದಳು. ದಾಖಲೆ ವಿಭಾಗದ ಗುಮಾಸ್ತರಂತೂ ತಮ್ಮ ಫೋಟೊವನ್ನು ಮನೆಯಲ್ಲಿ ಕಟ್ಟುಹಾಕಿಸುತ್ತಾರಂತೆ. ತಮ್ಮ ಮುಖದಲ್ಲಿ ಇಷ್ಟು ನೆಮ್ಮದಿ ಅವರು ಯಾವತ್ತೂ ನೋಡಿರಲಿಲ್ಲವಂತೆ.

ಆ ಎರಡು ದಿನ ನೀನು ಎಷ್ಟು ಚೆನ್ನಾಗಿದ್ದೆ. ಹೊರರೋಗಿ ವಿಭಾಗದ ಹಿಂದಿನ ಆ ಇಕ್ಕಟ್ಟು ಕೋಣೆಯಲ್ಲಿ ಛತ್ರಿ ದೀಪ ನಿಲ್ಲಿಸಿಕೊಂಡು, ಮಾತಾಡಿಸಿಕೊಂಡು, ದೊಡ್ಡ ಡಾಕ್ಟರನ್ನೂ ಸ್ಟೂಲಿನ ಮೇಲೆ ಕೂರಿಸಿ ಗಲ್ಲ ಹಿಡಿದು ತಿರುಗಿಸಿದೆಯಲ್ಲ. ನನಗೆ ಹೆಮ್ಮೆಯಾಯಿತು. ಹೊರಡುವಾಗ ವೈರುಗಳನ್ನು ಸುತ್ತುತ್ತಾ ನೀನು ಸಿಳ್ಳೆ ಹಾಕಿದ್ದು ಅಪ್ಪನ ಸಿಳ್ಳೆಯ ಹಾಗೇ ಇತ್ತು.

ಮುಂದಿನ ಕೆಲಸ ಇಷ್ಟು. ಕಾಯಿಲೆಯಿಲ್ಲದ ಒಂದಷ್ಟು ಜನರಿಗೆ ಈ ಮುಖಗಳನ್ನು ತೋರಿಸಿ, ಇದರಲ್ಲಿ ಏನು ಕಾಣುತ್ತದೆ ಎಂದು ಕೇಳುತ್ತೇವೆ. ಸಂತೋಷ, ದುಃಖ, ಕೋಪ, ಭಯ, ಏನೂ ಇಲ್ಲ. ಹೆಚ್ಚಿನವರು ಏನೂ ಇಲ್ಲ ಎಂದ ಮುಖಗಳು ಮಾತ್ರ ಸ್ಕ್ಯಾನರಿಗೆ ಹೋಗುತ್ತವೆ.

ಬಟಾಣಿಯನ್ನು ರಜೆಗೆ ಈಜು ಕಲಿಯಲು ಸೇರಿಸಿಯಾಗಿದೆ. ಅದು ಮುಗಿಯಲಿ, ಆಮೇಲೆ ನೋಡೋಣ.

ನಿನ್ನ
ಅಕ್ಕ


ಫೆಬ್ರವರಿ 18

ಅಕ್ಕಾ,

ಹೋದ ರಜೆಗೆ ಅವಳಿಗೆ ಕೆಮ್ಮಿತ್ತು. ಅದರ ಹಿಂದಿನ ರಜೆಗೆ ಭಾವನ ಕಡೆಯವರು ಬಂದಿದ್ದರು. ಈಗ ಈಜು. ಮುಂದಿನ ಸಲಕ್ಕೆ ಏನು ಹೇಳಬೇಕು ಅಂತ ಹೊಳೆಯದಿದ್ದರೆ ನನ್ನನ್ನು ಕೇಳು, ನಾನೇ ಒಂದೆರಡು ನೆಪ ಬರೆದುಕೊಡುತ್ತೇನೆ.

ಹೀಗೆ ಬರೆಯಬಾರದು ಅಂತ ಮೇಡಂ ಹೇಳಿದ್ದಾರೆ. ಬೇಜಾರಾದರೆ ಬೇಜಾರಾಯಿತು ಅಂತ ಬರೆಯಬೇಕಂತೆ, ಚುಚ್ಚಬಾರದಂತೆ. ಬೇಜಾರಾಯಿತು ಅಕ್ಕಾ.

ಆ ಎರಡು ದಿನ ನಾನು ಯಾಕೆ ಚೆನ್ನಾಗಿದ್ದೆ ಹೇಳಲಾ? ಎಲ್ಲರೂ ನಾನು ಹೇಳಿದ ಕಡೆ ನೋಡುತ್ತಿದ್ದರು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಕೊನೆಗೆ ಲ್ಯಾಬಿನವರೊಬ್ಬರು ಬರಲಿಲ್ಲ, ಒಂದು ಮುಖ ಕಮ್ಮಿಯಾಯಿತು ಅಂತ ನಿನ್ನನ್ನೇ ಹಿಡಿದು ಕೂರಿಸಿದೆನಲ್ಲ, ಆಗ ಚುಕ್ಕೆ ನೋಡು ಅಂದೆ. ನೀನು ಚುಕ್ಕೆ ನೋಡಲಿಲ್ಲ. ಮನೆ ನಂಬರ್ ಹೇಳಿ, ಬಾಯಿ ಮುಚ್ಚಿ, ಸೀದಾ ನನ್ನನ್ನೇ ನೋಡಿದೆ. ನಾನು ಒತ್ತಿದೆ. ಇನ್ನೊಂದು ತೆಗೆಯೋಣ ಅಂತ ಬಾಯಿಗೆ ಬಂದಿತ್ತು, ಅಷ್ಟರಲ್ಲಿ ನೀನು ಎದ್ದು ಕೈಗಡಿಯಾರ ನೋಡಿಕೊಂಡು ಹೊರಟೇಬಿಟ್ಟೆ.

ನಿನಗೆ ನನ್ನ ಮೇಲೆ ಸಿಟ್ಟಿದೆ. ಇದೆ ಅಂತ ಹೇಳಿಬಿಡು. ಸಿಟ್ಟಿರುವವರ ಕಾಲು ಹಿಡಿದಾದರೂ ಸರಿಮಾಡಿಕೊಳ್ಳಬಹುದು. ಇಲ್ಲ ಇಲ್ಲ ಅನ್ನುವವರನ್ನು ಏನು ಮಾಡಲಿ?

ಕಡ್ಡಿ


ಮಾರ್ಚ್ 10

ಪ್ರೀತಿಯ ಕಡ್ಡಿಗೆ,

ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಕೌನ್ಸೆಲರ್ ಮೇಡಂ ಮುಂದೆಯೂ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ.

ಮುಖಗಳ ಫಲಿತಾಂಶ ಬಂದಿದೆ. ನಲವತ್ತರಲ್ಲಿ ಒಂದನ್ನು ಬಿಟ್ಟು ಎಲ್ಲ ತೇರ್ಗಡೆಯಾದವು. ಇಷ್ಟು ಒಳ್ಳೆಯ ಫಲಿತಾಂಶ ನಾನು ಬೇರೆಲ್ಲೂ ನೋಡಿಲ್ಲ. ಆ ಒಂದರಲ್ಲಿ ಬೆಳಕು ಸ್ವಲ್ಪ ಹೆಚ್ಚುಕಡಿಮೆಯಾಗಿತ್ತು, ಅಷ್ಟೆ. ಅದನ್ನು ತಲೆಗೆ ಹಚ್ಚಿಕೊಳ್ಳಬೇಡ.

ಈ ತಿಂಗಳು ಮೊದಲನೆಯ ರೋಗಿಯನ್ನು ಸ್ಕ್ಯಾನ್ ಮಾಡುತ್ತೇವೆ.

ನಿನ್ನ
ಅಕ್ಕ


ಮಾರ್ಚ್ 13

ಈ ಕಾಗದ ದಿಂಬಿನ ಕೆಳಗೆ ಹೋಗುವುದಿಲ್ಲ. ಈಗಲೇ ಡಬ್ಬಿಗೆ ಹಾಕುತ್ತೇನೆ.

ಬೆಳಕು ಹೆಚ್ಚುಕಡಿಮೆ! ನನ್ನ ಬೆಳಕು! ದೀಪ ಎರಡು ದಿನ ಇಟ್ಟ ಜಾಗದಿಂದ ಅಲುಗಿಲ್ಲ. ಸ್ಟೂಲಿನ ಜಾಗಕ್ಕೆ ನೆಲದ ಮೇಲೆ ಟೇಪು ಅಂಟಿಸಿದ್ದೆ. ನಲವತ್ತು ಜನರಿಗೂ ಒಂದೇ ಬೆಳಕು. ನನ್ನ ಬುದ್ಧಿ ಸರಿಯಿಲ್ಲ, ನನ್ನ ಮೂಡು ಸರಿಯಿಲ್ಲ, ನನ್ನ ಬಾದಾಮಿ ಸರಿಯಿಲ್ಲ, ಎಲ್ಲ ಕೇಳಿಸಿಕೊಂಡಿದ್ದೇನೆ. ಸರಿಯಿದ್ದದ್ದು ಕೆಲಸ ಒಂದು. ಅದಕ್ಕೂ ಕೈ ಹಾಕಿದೆಯಾ? ಯಾವ ಮುಖ ಅಂತ ಹೇಳು. ಹೇಳದಿದ್ದರೆ ನಾನೇ ಆಸ್ಪತ್ರೆಗೆ ಬಂದು ನಿನ್ನ ಭೌತಶಾಸ್ತ್ರದ ಹುಡುಗಿಯನ್ನು ಕೇಳುತ್ತೇನೆ. ಎಲ್ಲರ ಎದುರಿಗೆ ಕೇಳುತ್ತೇನೆ.

ನೀನು ನನ್ನ ಅಕ್ಕನೇ ಅಲ್ಲ. ನಾನು ನಿನಗೆ ಸಂಶೋಧನೆಯ ವಸ್ತು.


ಮಾರ್ಚ್ 14

ಅಕ್ಕಾ, ನಿನ್ನೆ ಹಾಕಿದ ಕಾಗದ ಬಂದರೆ ಓದಬೇಡ. ಓದಿದ್ದರೆ ಹೊಟ್ಟೆಗೆ ಹಾಕಿಕೋ. ಅಂಚೆಯವನು ಡಬ್ಬಿ ತೆರೆಯುವವರೆಗೂ ಅಲ್ಲೇ ಕಾದು ನಿಂತು ವಾಪಸ್ ಕೇಳಿದೆ. "ಹಾಕಿದ್ಮೇಲೆ ಅದು ನಿಮ್ದಲ್ಲಮ್ಮ" ಅಂದ.

ನೀನಿಲ್ಲದಿದ್ದರೆ ನನಗೆ ಯಾರೂ ಇಲ್ಲ.

ಕಡ್ಡಿ


ಮಾರ್ಚ್ 28

ಪ್ರೀತಿಯ ಕಡ್ಡಿಗೆ,

ನಿನ್ನ ಬೆಳಕಿನಲ್ಲಿ ದೋಷವಿರಲಿಲ್ಲ. ನಾನು ಸುಳ್ಳು ಬರೆದೆ. ತಪ್ಪಾಯಿತು.

ತಿರಸ್ಕೃತವಾದ ಮುಖ ನನ್ನದು. ಕಾಯಿಲೆಯಿಲ್ಲದವರು ಕೂಡ ಅದರಲ್ಲಿ ಏನೋ ಇದೆ ಎಂದರು. ಇಷ್ಟು ಸಾಕೆನಿಸುತ್ತದೆ. ಅಧ್ಯಯನ ನಡೆಯುತ್ತಿದೆ, ಈಗಿನ ಮಟ್ಟಿಗೆ ಆ ಒಂದು ಮುಖವಿಲ್ಲದೆ.

ಅಕ್ಕ


ಏಪ್ರಿಲ್ 4

ನನ್ನ ಮುದ್ದಿನ ಅಕ್ಕಾ,

ಎರಡು ರಾತ್ರಿ ದಿಂಬಿನ ಕೆಳಗಿಟ್ಟು ಕಳಿಸುತ್ತಿದ್ದೇನೆ. ಎರಡು ರಾತ್ರಿ ಕಳೆದರೂ ನನ್ನ ಸಂತೋಷ ತಣಿದಿಲ್ಲ.

ಹಾಗಾದರೆ ಕೋಪ ಇತ್ತು! ನನಗೊಬ್ಬಳಿಗೇ ಅಲ್ಲ, ಎಲ್ಲರಿಗೂ ಕಂಡಿತು! ಇಷ್ಟು ವರ್ಷ ಒಂದೇ ಮಾತು: ಅಕ್ಕನ ಮುಖದಲ್ಲಿ ಸಿಟ್ಟಿಲ್ಲ, ಅದು ನಿನ್ನ ತಲೆಯೊಳಗಿದೆ. ಅಪ್ಪ ಹೇಳಿದರು, ಮೇಡಂ ಹೇಳಿದರು, ನೀನು ಪುಸ್ತಕ ತೆಗೆದು ಚಿತ್ರ ಸಮೇತ ತೋರಿಸಿದೆ. ನನ್ನ ಕಣ್ಣನ್ನು ನಾನೇ ನಂಬದ ಹಾಗಾಗಿತ್ತು. ಕನ್ನಡಿ ಮುಂದೆ ನಿಂತರೆ ನನ್ನ ಮುಖವೂ ನನ್ನ ಮೇಲೆ ಸಿಟ್ಟಾಗಿದೆ ಅನ್ನಿಸುತ್ತಿತ್ತು ಕಣೇ. ಈಗ ನೋಡು, ಬುದ್ಧಿ ನೆಟ್ಟಗಿರುವವರೇ ಸಾಕ್ಷಿ ಹೇಳಿದ್ದಾರೆ. ಅದೂ ನಿನ್ನದೇ ಸಂಶೋಧನೆಯಲ್ಲಿ!

ನನಗೆ ಸ್ವಲ್ಪವೂ ಬೇಜಾರಿಲ್ಲ. ಸಿಟ್ಟು ಮಾಡಿಕೋ, ನಿನಗೆ ಹಕ್ಕಿದೆ. ಬೈದುಬಿಡು, ಎರಡೇಟು ಹಾಕು. ಎಲ್ಲ ಕಕ್ಕಿ ಹಗುರಾಗು. ನಾನು ಎದುರು ಮಾತಾಡದೆ ಕೂತು ಕೇಳುತ್ತೇನೆ. ಆಮೇಲೆ ಬಟಾಣಿಯ ಜೊತೆ ಮೂರು ದಿನ ಇದ್ದುಹೋಗುತ್ತೇನೆ, ನಿಮ್ಮ ಮನೆಗೇ ಬಂದು. ಸಿಟ್ಟು ಎಂದಾದರೂ ಇಳಿಯುತ್ತದೆ ಅಕ್ಕಾ. ಹಾಲು ಉಕ್ಕುವುದೂ ನಿಲ್ಲುತ್ತದೆ.

ಇನ್ನೊಂದು ವಿಷಯ. ಮುಂದಿನ ವಾರದಿಂದ ಬರುವುದಿಲ್ಲ ಅಂತ ಮೇಡಂಗೆ ಹೇಳಿ ಬಂದೆ. ಅವರು ನಡೆಸುವ ಗುರುವಾರದ ಗುಂಪು ಚಿಕಿತ್ಸೆಗೂ ಹೋಗುವುದಿಲ್ಲ. ನನ್ನ ಕಣ್ಣು ಸರಿಯಿದೆ ಅಂದಮೇಲೆ ಇಲ್ಲದ ಕಾಯಿಲೆಗೆ ಯಾಕೆ ಮದ್ದು? ಮೇಡಂ ಏನೋ ಹೇಳಲು ಬಂದರು. ನಾನು ನಗುತ್ತಾ ಎದ್ದು ಬಂದೆ.

ಬಟಾಣಿಗೆ ಒಂದು ಮುತ್ತು.

ಕಣ್ಣು ಸರಿಯಿರುವ ನಿನ್ನ
ಕಡ್ಡಿ


ಏಪ್ರಿಲ್ 12

ಪ್ರೀತಿಯ ಕಡ್ಡಿಗೆ,

ಈ ಕಾಗದ ಮೂರು ಸಲ ದಿಂಬಿನ ಕೆಳಗೆ ಹೋಗಿ ಬಂದಿದೆ. ಮೂರು ಸಲವೂ ಹರಿದು ಹೊಸದಾಗಿ ಬರೆದೆ. ನೀನು ಮೇಡಂ ಹತ್ತಿರ ಹೋಗುವುದನ್ನು ನಿಲ್ಲಿಸಿರದಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ. ಕೋಪ ಎಂದೇ ತಿಳಿದುಕೊಂಡಿರಲಿ ಎಂದು ಬಿಟ್ಟುಬಿಡುತ್ತಿದ್ದೆ.

ಅವರು ಗುರುತು ಹಾಕಿದ್ದು ಕೋಪಕ್ಕಲ್ಲ. ಭಯಕ್ಕೆ.

ಒಬ್ಬಿಬ್ಬರಲ್ಲ, ಹೆಚ್ಚುಕಡಿಮೆ ಎಲ್ಲರೂ. ಭೌತಶಾಸ್ತ್ರದ ಹುಡುಗಿ ತಮಾಷೆಗೆ, "ಮೇಡಂ, ಇಂಜೆಕ್ಷನ್ ನೆನಪಾಯ್ತಾ?" ಎಂದಳು. ನಾನೂ ನಕ್ಕೆ. ಆಮೇಲೆ ಎಲ್ಲರೂ ಊಟಕ್ಕೆ ಹೋದಾಗ ಒಬ್ಬಳೇ ಕೂತು ನೋಡಿದೆ. ಹುಬ್ಬು ಒಂದಿಷ್ಟು ಮೇಲೆದ್ದಿದೆ, ಕಣ್ಣಿನ ಬಿಳಿ ಒಂದಿಷ್ಟು ಹೆಚ್ಚು ಕಾಣುತ್ತದೆ, ತುಟಿ ಬಿಗಿದಿದೆ. ವಿದ್ಯಾರ್ಥಿಗಳಿಗೆ ನಾನು ಪಾಠ ಮಾಡುವಾಗ ಹೇಳುವ ಗುರುತುಗಳೆಲ್ಲ ನನ್ನ ಮುಖದ ಮೇಲೇ ಇದ್ದವು. ಎದುರಿಗೆ ನಿಂತಿದ್ದವಳು ನೀನು.

ನಿನ್ನ ಕಣ್ಣು ಪೂರ್ತಿ ಸುಳ್ಳು ಹೇಳಲಿಲ್ಲ. ಏನೋ ಇದೆ ಎಂದು ನಿನಗೆ ಗೊತ್ತಾಯಿತು, ಅದು ನಿಜ. ಅದನ್ನು ಕೋಪ ಎಂದು ಓದಿದೆ, ಅದು ಕಾಯಿಲೆ. ಆದ್ದರಿಂದ ದಯವಿಟ್ಟು ಗುರುವಾರ ಹೋಗು. ನಿನಗೆ ಅಲ್ಲಿ ಗುಣವಾಗುತ್ತಿದೆ. ಅಂಚೆ ಡಬ್ಬಿಯ ಹತ್ತಿರ ಕಾದು ನಿಂತೆಯಲ್ಲ, ಮೂರು ವರ್ಷದ ಹಿಂದಿನ ಕಡ್ಡಿ ಹಾಗೆ ಮಾಡುತ್ತಿರಲಿಲ್ಲ.

ಆ ದಿನದ ವಿಷಯ ನಾವಿಬ್ಬರೂ ಬಾಯಿಬಿಟ್ಟು ಆಡಿಲ್ಲ. ಆಡಿಬಿಡುತ್ತೇನೆ. ನೀನು ನಮ್ಮ ಮನೆಯ ಬಚ್ಚಲಲ್ಲಿ ಕೈ ಕೊಯ್ದುಕೊಂಡು ಕೂತಿದ್ದಾಗ ಬಾಗಿಲು ತಳ್ಳಿ ಒಳಗೆ ಬಂದವಳು ಬಟಾಣಿ. ಐದು ವರ್ಷದವಳು. ಕಿರುಚಲಿಲ್ಲ, ನನ್ನನ್ನು ಕೂಗಲಿಲ್ಲ. ತನ್ನ ಆನೆ ಚಿತ್ರದ ಬ್ಯಾಂಡೇಜು ಪಟ್ಟಿಗಳನ್ನು ತಂದು ಒಂದೊಂದಾಗಿ ನಿನಗೆ ಅಂಟಿಸಿದಳು. ಯಾರಿಗೂ ಹೇಳಬೇಡ ಎಂದೆಯಂತೆ. ಹೇಳಲಿಲ್ಲ. ಖಾಲಿ ಪೊಟ್ಟಣ ಸಿಕ್ಕಿ ನಾನು ಕೇಳಿದಾಗ ಮಾತ್ರ ಬಾಯಿಬಿಟ್ಟಳು.

ಅವತ್ತಿನಿಂದ ಅವಳಿಗೆ ಮುಚ್ಚಿದ ಬಾಗಿಲು ಕಂಡರಾಗದು. ಈಗಲೂ ನಾನು ಸ್ನಾನಕ್ಕೆ ಹೋದರೆ ಹೊರಗೆ ನಿಂತು ತಟ್ಟುತ್ತಾಳೆ. "ಅಮ್ಮಾ, ಇದ್ದೀಯಾ?" ಇದ್ದೀನಿ ಎಂದರೆ ಹೋಗುತ್ತಾಳೆ. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಾಳೆ.

ನನಗೆ ನಿನ್ನ ಮೇಲೆ ಸಿಟ್ಟು ಬರಲೇ ಇಲ್ಲ ಕಡ್ಡಿ. ಬಂದಿದ್ದರೆ ಈ ಹೊತ್ತಿಗೆ ಇಳಿದಿರುತ್ತಿತ್ತು. ನನಗೆ ಹೆದರಿಕೆ. ನಿನ್ನ ಅಕ್ಷರದ ಲಕೋಟೆ ಕಂಡರೆ ಎದೆ ಧಸಕ್ಕೆನ್ನುತ್ತದೆ. ಒಳಗೆ ಎಷ್ಟು ಒಳ್ಳೆಯ ಮಾತಿದ್ದರೂ ಬಟಾಣಿ ಎಲ್ಲಿದ್ದಾಳೆಂದು ನೋಡಿಕೊಂಡೇ ತೆರೆಯುತ್ತೇನೆ. ಫೋಟೊ ತೆಗೆಯುವಾಗ ನೀನು ನಗುತ್ತಿದ್ದೆ, ಎಲ್ಲರೂ ನಿನ್ನನ್ನು ಹೊಗಳುತ್ತಿದ್ದರು, ನಾನು ಮಾತ್ರ ಇದು ಎಷ್ಟು ಹೊತ್ತಿರುತ್ತದೆ ಎಂದು ನೋಡುತ್ತಿದ್ದೆ. ನನ್ನ ಅಮಿಗ್ಡಲಾ ಎಲ್ಲಿದೆ, ಅದನ್ನು ಸುಮ್ಮನಿರಿಸಬೇಕಾದದ್ದು ಯಾವುದು, ಎಲ್ಲ ನನಗೆ ಗೊತ್ತು. ಗೊತ್ತಿದ್ದು ಪ್ರಯೋಜನವಾಗುತ್ತಿಲ್ಲ. ನಿನ್ನ ಕಾಯಿಲೆ ಇರುವವರಲ್ಲಿ ಎಷ್ಟೋ ಜನ ವರ್ಷ ಕಳೆದಂತೆ ಸುಧಾರಿಸುತ್ತಾರೆ. ಅದಕ್ಕೆ ಅಂಕಿಅಂಶವಿದೆ, ನಾನೇ ಪ್ರಕಟಿಸಿದ್ದೇನೆ. ಅವರ ಅಕ್ಕಂದಿರು ಏನಾಗುತ್ತಾರೆ ಎಂದು ಯಾರೂ ಲೆಕ್ಕ ಇಟ್ಟಿಲ್ಲ.

ಬಟಾಣಿಯನ್ನು ಕಳಿಸಲು ನನ್ನಿಂದಾಗದು. ಈಜು ಒಂದು ನೆಪ.

ನಿನ್ನನ್ನು ಪ್ರೀತಿಸುತ್ತೇನೆ. ಇದನ್ನೂ ನಂಬು, ಎರಡೂ ನಿಜ.

ಅಕ್ಕ


ಮೇ 22

ಪ್ರೀತಿಯ ಕಡ್ಡಿಗೆ,

ನಿನ್ನ ಕಾಗದವಿಲ್ಲ. ಗುರುವಾರದ ಗುಂಪಿಗೆ ಮತ್ತೆ ಬರುತ್ತಿದ್ದೀಯೆಂದು ನಿನ್ನ ಅನುಮತಿ ಪಡೆದೇ ಮೇಡಂ ನನಗೆ ತಿಳಿಸಿದರು. ಅಷ್ಟರಿಂದಲೇ ಉಸಿರಾಡುತ್ತಿದ್ದೇನೆ.

ಒಪ್ಪಿಗೆಯ ಅರ್ಜಿಯಲ್ಲಿ ನಲವತ್ತು ಎಂದಿದೆ, ನಲವತ್ತನೆಯ ಮುಖ ಬೇಕೇಬೇಕು ಎಂದು ಆಸ್ಪತ್ರೆಯ ಪರಿಶೀಲನಾ ಸಮಿತಿಯವರು ಹಟ ಹಿಡಿದಿದ್ದಾರೆ. ಬೇರೆ ಯಾರನ್ನಾದರೂ ಕೂರಿಸಬಹುದು. ಆದರೆ ನಾನೇ ಕೂರುತ್ತೇನೆ ಎಂದಿದ್ದೇನೆ. ನಿನ್ನ ಸ್ಟುಡಿಯೊಗೇ ಬರುತ್ತೇನೆ. ಈ ಸಲ ಚುಕ್ಕೆ ನೋಡುತ್ತೇನೆ. ಮಾತು ಆಡಿ ಮುಗಿಸಿದ ಮೇಲಾದರೂ ನನ್ನ ಮುಖ ಸರಿಹೋಗಿರಬಹುದು ಎಂದು ಆಸೆ.

ಯಾವ ದಿನ ಬರಲಿ?

ಅಕ್ಕ


ಜೂನ್ 1

ಅಕ್ಕಾ,

ಭಾನುವಾರ ಮಧ್ಯಾಹ್ನ ಬಾ, ಗಿರಾಕಿಗಳಿರುವುದಿಲ್ಲ. ಬಿಳಿ ಬಟ್ಟೆ ಬೇಡ, ಹಿಂದಿನ ಪರದೆಯಲ್ಲಿ ಕರಗಿಹೋಗುತ್ತದೆ. ಕನ್ನಡಕ ಹಾಕಿಕೊಳ್ಳಬೇಡ.

ಕೋಪ ಅಂದುಕೊಂಡಿದ್ದಾಗಲೇ ಚೆನ್ನಾಗಿತ್ತು.

ಕಡ್ಡಿ


ಜೂನ್ 25

ಪ್ರೀತಿಯ ಕಡ್ಡಿಗೆ,

ಹೊಸ ಫೋಟೊ ತೇರ್ಗಡೆಯಾಯಿತು. ಎಲ್ಲರೂ ಏನೂ ಇಲ್ಲ ಎಂದೇ ಬರೆದಿದ್ದಾರೆ. ನಲವತ್ತು ಮುಖ ಪೂರ್ತಿಯಾದವು.

ಧನ್ಯವಾದ ಎಂದು ಬರೆದರೆ ಅದು ಯಾರೋ ಹೊರಗಿನವರಿಗೆ ಬರೆದಂತೆ ಕಾಣುತ್ತದೆ. ಬೇರೇನು ಬರೆಯಬೇಕೆಂದು ತೋಚುತ್ತಿಲ್ಲ.

ಅಕ್ಕ


ಜುಲೈ 3

ಅಕ್ಕಾ,

ಪಾಸಾಗುತ್ತದೆ ಅಂತ ನನಗೆ ಅವತ್ತೇ ಗೊತ್ತಿತ್ತು.

ನಿನಗೆ ಹೇಳದ ಒಂದು ಮಾತಿದೆ. ಮೊದಲು ತೆಗೆದ ಏಳೆಂಟು ಫೋಟೊ ಚೆನ್ನಾಗಿವೆ, ಸುಮ್ಮನೆ ಇನ್ನೊಂದು ಇರಲಿ ಅಂತ ತೆಗೆಯುತ್ತಿದ್ದೇನೆ ಅಂದೆನಲ್ಲ, ಅದು ಸುಳ್ಳು. ನೀನು ಪಾಪ ಎಷ್ಟು ಪ್ರಯತ್ನಪಟ್ಟೆ. ಚುಕ್ಕೆಯನ್ನೇ ದಿಟ್ಟಿಸಿ ನೋಡಿದೆ. ಮನೆ ನಂಬರ್ ಹೇಳಿದೆ, ಫೋನ್ ನಂಬರ್ ಹೇಳಿದೆ, ಚಿಕ್ಕವಳಿದ್ದಾಗಿನ ಶಾಲೆಯ ಹಾಜರಿ ನಂಬರ್ ಹೇಳಿದೆ, ಅದಕ್ಕೆ ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೂ ಅದು ಅಲ್ಲೇ ಇತ್ತು. ಪ್ರತಿಯೊಂದು ಫೋಟೊದಲ್ಲೂ ಇತ್ತು. ಕಾಗದದಲ್ಲಿ ಹೇಳಿಬಿಟ್ಟಿದ್ದೀಯಲ್ಲ, ಈಗ ನನಗೂ ಅದು ಕೋಪವಾಗಿ ಕಾಣಲಿಲ್ಲ. ಹುಬ್ಬು, ಕಣ್ಣಿನ ಬಿಳಿ, ತುಟಿ. ನೀನು ಬರೆದ ಹಾಗೇ. ಆ ಫೋಟೊಗಳನ್ನು ನಾನು ಒಂದೊಂದಾಗಿ ಅಳಿಸಿದೆ.

ಆಮೇಲೆ ಮೂರು ಫೋಟೊಗೆ ಟೈಮರ್ ಇಟ್ಟೆ. "ಅಕ್ಕಾ, ಈಗ ತಾನಾಗೇ ಬೀಳುತ್ತೆ, ನೀನು ಆರಾಮಾಗಿ ಕೂತಿರು, ನಾನು ಕಾಫಿಗೆ ಹೇಳಿ ಬರ್ತೀನಿ" ಅಂದೆ. ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಕಾಫಿಗೆ ಹೋಗಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಅಲ್ಲೇ ನಿಂತಿದ್ದೆ. ಒಳಗೆ ನೀನು ಉಸಿರು ಬಿಟ್ಟದ್ದು ಕೇಳಿಸಿತು. ಅಷ್ಟು ಉದ್ದದ ಉಸಿರು ನಾನಿದ್ದಾಗ ನೀನು ಯಾವತ್ತೂ ಬಿಟ್ಟಿಲ್ಲ. ಆಮೇಲೆ ಕ್ಯಾಮೆರಾ ಸದ್ದಾಯಿತು.

ನನಗೆ ಬಟಾಣಿಯ ನೆನಪಾಯಿತು. ಬಾಗಿಲು ತಟ್ಟಿ, "ಅಕ್ಕಾ, ಇದ್ದೀಯಾ?" ಅಂತ ಒಂದು ಸಲ ಕೇಳಬೇಕು ಅನ್ನಿಸಿತು. ಕೈ ಎತ್ತಿದೆ. ಟೈಮರಿನಲ್ಲಿ ಇನ್ನೆರಡು ಫೋಟೊ ಬಾಕಿಯಿತ್ತು. ತಟ್ಟಿದರೆ ಮುಖ ಕೆಡುತ್ತದೆ ಅಂತ ಕೈ ಇಳಿಸಿದೆ.

ಬಟಾಣಿಯನ್ನು ಕಳಿಸು ಅಂತ ಇನ್ನು ಕೇಳುವುದಿಲ್ಲ. ನೀನು ನೆಪ ಹುಡುಕುವುದು ಬೇಡ. ಅವಳಿಗೆ ಹಲ್ಲು ಬಂದಿರಬೇಕು. ಕಾಗದವನ್ನೂ ಇಷ್ಟು ಬೇಗ ಬೇಗ ಬರೆಯುವುದಿಲ್ಲ, ವರ್ಷಕ್ಕೊಂದೆರಡು ಬರೆದರೆ ಸಾಕೇನೋ. ಲಕೋಟೆಯ ಮೇಲೆ ವಿಳಾಸವನ್ನು ಮಾಲೀಕರ ಕೈಯಲ್ಲಿ ಬರೆಸುತ್ತೇನೆ. ಈ ಸಲವೂ ಅವರೇ ಬರೆದಿದ್ದಾರೆ, ನೋಡಿರಬಹುದು. ತೆರೆಯುವವರೆಗಾದರೂ ನಿನ್ನ ಎದೆ ಧಸಕ್ಕೆನ್ನುವುದು ಬೇಡ.

ಆ ಫೋಟೊದಲ್ಲಿ ನೀನು ತುಂಬಾ ಚೆನ್ನಾಗಿದ್ದೀಯ ಅಕ್ಕಾ. ನಿನ್ನ ಮುಖ ಹೀಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಒಂದು ಪ್ರಿಂಟ್ ಹಾಕಿ ನಾನೂ ಇಟ್ಟುಕೊಂಡಿದ್ದೇನೆ.

ಕಡ್ಡಿ